ಮೇಡಂಗೊಂದು ನೆಲ

ನನ್ನ ಅತ್ತಿಗೆಯ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತಾಡಿದರೆ ನನಗೆ ಮೈ ಉರಿಯುತ್ತದೆ. ಆಡುವವರೆಲ್ಲ ಅವಳ ಲಾಯದ ಬಾಗಿಲಲ್ಲಿ ಐದು ನಿಮಿಷ ಮೂಗು ಮುಚ್ಚಿಕೊಂಡು ನಿಂತು ಹೋದವರು. ಎಂಥ ಸೇವೆ, ಎಂಥ ತ್ಯಾಗ ಅನ್ನುತ್ತಾರೆ. ಸೇವೆಯೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಎರಡು ಮುದಿ ಕುದುರೆಗಳಿದ್ದವು. ಅವಕ್ಕೆ ಮೇವು ಹಾಕಬೇಕಿತ್ತು, ಹಾಕಿದಳು. ಲದ್ದಿ ಬಾಚಬೇಕಿತ್ತು, ಬಾಚಿದಳು. ಇಷ್ಟಕ್ಕೇ ಬಾಯಿ ಚಪ್ಪರಿಸುವ ಜನ, ಅವಳಿಗೆ ಒಂದು ನೆಲ ಬೇಕಾದಾಗ ಎಲ್ಲಿದ್ದರು ಎಂದು ಕೇಳಿ. ನಾನೆಲ್ಲಿದ್ದೆ ಎಂದೂ ಕೇಳಿ, ಅದನ್ನೂ ಹೇಳುತ್ತೇನೆ.

ನನಗೆ ಹನ್ನೊಂದು ವರ್ಷವಿದ್ದಾಗ ಅವಳು ನಮ್ಮಣ್ಣನ ಹೆಂಡತಿಯಾಗಿ ಮನೆಗೆ ಬಂದಳು. ಬಂದ ಮಾರನೆಯ ದಿನವೇ ನನ್ನ ತಲೆಯ ಸಿಕ್ಕು ಬಿಡಿಸಲು ಕೂತಳು. ಕೈ ಒರಟು, ಬಾಯಿ ಇನ್ನೂ ಒರಟು. ಅಳು ಬಂದರೆ ಸಮಾಧಾನ ಮಾಡುತ್ತಿರಲಿಲ್ಲ, ಬಾಚಣಿಗೆಯನ್ನು ಇನ್ನೊಂದು ಕಡೆಯಿಂದ ಶುರು ಮಾಡುತ್ತಿದ್ದಳು. ಅವತ್ತು ಪುಟ್ಟಿ ಎಂದು ಕರೆದವಳು, ನನಗೆ ಅರವತ್ತೊಂದಾಗಿ, ಕಚೇರಿಯಿಂದ ನಿವೃತ್ತಳಾಗಿ, ಮಂಡಿ ಹಿಡಿದುಕೊಂಡು ಏಳುವಂತಾದರೂ ಪುಟ್ಟಿ ಎಂದೇ ಕರೆಯುತ್ತಾಳೆ.

ಅಣ್ಣ ಡೇರಿಯ ಹಾಲಿನ ಕುದುರೆಗಾಡಿ ಹೊಡೆಯುತ್ತಿದ್ದ. ಡೇರಿಯವರು ವ್ಯಾನು ಕೊಂಡ ವರ್ಷ ಗಾಡಿಗಳು ಗುಜರಿಗೆ ಹೋದವು, ಗಾಡಿ ಹೊಡೆಯುವವರು ಮನೆಗೆ ಹೋದರು. ಉಳಿದವರೆಲ್ಲ ಬೀಳ್ಕೊಡುಗೆಯಲ್ಲಿ ಗೋಡೆ ಗಡಿಯಾರ ತಂದರೆ ನಮ್ಮಣ್ಣ ಎರಡು ಕುದುರೆ ತಂದ. ದೊಡ್ಡ ಕಂದು ಹೆಣ್ಣುಕುದುರೆಗೆ ಮೇಡಂ ಎಂದು ಹೆಸರು. ಮರ್ಯಾದೆ ಕೊಟ್ಟು ಕರೆಯದಿದ್ದರೆ ಅದು ಹೆಜ್ಜೆ ಎತ್ತುತ್ತಿರಲಿಲ್ಲವಂತೆ. ಇನ್ನೊಂದು ಬೂದು ಬಣ್ಣದ ಗಂಡು. ಕೆಲಸ ಮಾಡದೆ, ಕಾಗದ ಕಂಡರೆ ತಿನ್ನುತ್ತಿದ್ದುದರಿಂದ ಅದು ಗುಮಾಸ್ತ. ಆರು ವರ್ಷವಾದ ಮೇಲೆ ಅಣ್ಣ ತೀರಿಕೊಂಡ. ಅತ್ತಿಗೆ ಅವನ ಬೂಟು ಹಾಕಿಕೊಂಡು ಲಾಯಕ್ಕೆ ಹೋದಳು. ಎರಡು ಅಳತೆ ದೊಡ್ಡದಾಗಿತ್ತು, ಮುಂದೆ ಬಟ್ಟೆ ತುರುಕಿದಳು.

ಲಾಯವೆಂದರೆ ಮೋಟಾರು ರಿಪೇರಿ ಅಂಗಡಿಗಳ ಓಣಿಯ ಹಿಂದೆ ಇರುವ ಇಟ್ಟಿಗೆ ಕಟ್ಟಡ. ಮುಂಚೆ ಡೇರಿಯವರು ಹಾಲಿನ ಕ್ಯಾನು ತೊಳೆಯುತ್ತಿದ್ದ ಜಾಗ. ಕ್ಯಾನುಗಳನ್ನು ಎತ್ತುವ ಕಷ್ಟ ಬೇಡ, ತಳ್ಳಿದರೆ ಜಾರಿಕೊಂಡು ಹೋಗಲಿ ಎಂದು ನೆಲವನ್ನು ಇಳಿಜಾರು ಮಾಡಿ, ಸಿಮೆಂಟನ್ನು ಕನ್ನಡಿಯ ಹಾಗೆ ತಿಕ್ಕಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ನೆಲ ಮಾತ್ರ ನಿಜಕ್ಕೂ ಡೊಂಕು.

ಅಲ್ಲಿಗೆ ಜನ ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ಲಾಂಡ್ರಿಯ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಗುಮಾಸ್ತನ ಬೆನ್ನಿಗೆ ಒರಗಿಕೊಂಡು ನಿಲ್ಲುತ್ತಿದ್ದರು. ದರ್ಜಿಯ ತಂಗಿ, ಮನೆಯಲ್ಲಿ ಯಾರೊಂದಿಗೂ ಮಾತಾಡದವಳು, ಇಲ್ಲಿಗೂ ಬಂದು ಮಾತಾಡುತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಬರುತ್ತಿದ್ದವನು ಬಸ್ ಡ್ರೈವರ್. ಲಕ್ವ ಹೊಡೆದು ಬಲಗೈ ಸತ್ತಿತ್ತು. ಎಡಗೈಯಲ್ಲಿ ಬ್ರಷ್ ಹಿಡಿದು ಮೇಡಂನ ಒಂದು ಪಕ್ಕ ಉಜ್ಜುತ್ತಿದ್ದ. ಅದು ಮುಗಿದರೆ ಅತ್ತಿಗೆ ಬಂದು ಕುದುರೆಯನ್ನು ತಿರುಗಿಸಿ ನಿಲ್ಲಿಸುತ್ತಿದ್ದಳು. ಒಂದು ದಿನ ಅವನು ಕುದುರೆಯ ಕುತ್ತಿಗೆಗೆ ಮುಖವಿಟ್ಟು ಗೊಳೋ ಎಂದು ಅತ್ತ. ಬೇರೆ ಯಾರಾದರೂ ಆಗಿದ್ದರೆ ಬೆನ್ನು ಸವರುತ್ತಿದ್ದರು. ಅತ್ತಿಗೆ ಲದ್ದಿಯ ಬುಟ್ಟಿ ಕೆಳಗಿಟ್ಟು, ‘ಅಳೋದಾದ್ರೆ ಈ ಕಡೆ ನಿಂತು ಅಳಪ್ಪ, ಅವಳ ಕಿವಿ ಹತ್ರ ಬೇಡ’ ಎಂದಳು. ಅವನು ಈ ಕಡೆ ಬಂದು ನಿಂತು ಅತ್ತ.

ಮೇಡಂಗೆ ಇಪ್ಪತ್ತಾರು ತುಂಬಿದ ವರ್ಷ ಅದು ಮೊದಲ ಸಲ ಜಾರಿ ಬಿತ್ತು. ನೆಲ ತೊಳೆದಿತ್ತು, ಹಿಂಗಾಲು ಎರಡೂ ಎರಡು ದಿಕ್ಕಿಗೆ ಹೋದವು. ಓಣಿಯ ಮೆಕ್ಯಾನಿಕ್ಕುಗಳೆಲ್ಲ ಬಂದು, ಎಂಜಿನ್ ಎತ್ತುವ ಪಟ್ಟಿ ಹೊಟ್ಟೆಯಡಿ ತೂರಿಸಿ, ಮುಕ್ಕಾಲು ಗಂಟೆ ಒದ್ದಾಡಿ ಎಬ್ಬಿಸಿದರು. ಕುದುರೆ ಡಾಕ್ಟರು ಬಂದು ಸೊಂಟ ಮುಟ್ಟಿ ನೋಡಿ, ಇನ್ನೊಂದು ಸಲ ಬಿದ್ದರೆ ಇದು ಏಳುವುದಿಲ್ಲ ಎಂದು ನೇರವಾಗಿ ಹೇಳಿದರು. ನೆಲ ಪೂರ್ತಿ ಒಡೆಯಬೇಕು, ಮೋರಿ ಬೇರೆ ಕಡೆ ತಿರುಗಿಸಬೇಕು, ಮೇಲೆ ದಪ್ಪ ರಬ್ಬರು ಹಾಸಬೇಕು. ಅತ್ತಿಗೆಯ ಕೈಲಾಗುವ ಕೆಲಸವಲ್ಲ. ಅವಳು ಗೋಣಿಚೀಲ ಹಾಸಿದಳು. ಉಚ್ಚೆ ಕುಡಿದ ಗೋಣಿಚೀಲ ಸಿಮೆಂಟಿಗಿಂತ ಚೆನ್ನಾಗಿ ಜಾರಿತು. ಆಮೇಲೆ ಮರಳು ಹಾಕಿದಳು, ಇಳಿಜಾರಿನಲ್ಲಿ ಅದು ಮೋರಿಗೆ ಹೋಗಿ ಕೂತಿತು.

ಅಷ್ಟರಲ್ಲಿ ಬಸ್ ಡ್ರೈವರನ ಹೆಂಡತಿ ಒಂದು ಪ್ರಕಟಣೆಯ ಹಾಳೆ ತಂದುಕೊಟ್ಟಳು. ಯಾವುದೋ ದೊಡ್ಡ ನಿಧಿಯವರು ‘ಸಮುದಾಯ ಅಶ್ವ ಯೋಜನೆ’ಗಳಿಗೆ ಅನುದಾನ ಕೊಡುತ್ತಾರಂತೆ. ಜನರಿಗೂ ಕುದುರೆಗೂ ನಂಟು ಬೆಳೆಸುವ ಕೆಲಸ ಯಾರು ಮಾಡುತ್ತಿದ್ದರೂ ಅರ್ಜಿ ಹಾಕಬಹುದಂತೆ. ಅತ್ತಿಗೆ ಅದನ್ನು ಓದಿ, ಮಡಿಚಿ, ಕಿಟಕಿಯ ಸಂದಿಗೆ ಸಿಕ್ಕಿಸಿದಳು, ಗಾಳಿ ಬರುತ್ತಿತ್ತು. ಅದನ್ನು ಎಳೆದು ತೆಗೆದವಳು ನಾನು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಟೈಪಿಸ್ಟಾಗಿದ್ದವಳು. ಸಾವಿರಾರು ಅರ್ಜಿ ನನ್ನ ಬೆರಳಿನಡಿಯಿಂದ ಹೋಗಿವೆ. ಯಾವ ಅರ್ಜಿ ಗೆಲ್ಲುತ್ತದೆ, ಯಾವುದು ಕಸದ ಬುಟ್ಟಿಗೆ ಹೋಗುತ್ತದೆ ಎಂಬುದು ಹಾಳೆ ಮುಟ್ಟಿದರೆ ನನಗೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿದೆ. ಅತ್ತಿಗೆ, ಸರಿ ಬರಿ, ಎಂದಳು. ನನಗೆ ಆಗಲೇ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

ಅರ್ಜಿ ಹಾಕುವ ಮುಂಚೆ ಅರ್ಜಿ ಹಾಕುವುದು ಹೇಗೆಂದು ಒಂದು ಕಾರ್ಯಾಗಾರ. ಐದನೆಯ ಮಹಡಿಯ ತಣ್ಣನೆಯ ಕೋಣೆ, ಒಬ್ಬೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ, ಗೋಡೆಯ ಮೇಲೆ ಓಡುವ ಬಿಳಿ ಕುದುರೆಯ ಚಿತ್ರ. ಆ ಕುದುರೆಗೆ ಲಾಳವೂ ಇರಲಿಲ್ಲ, ಕಾಲಡಿ ನೆಲವೂ ಇರಲಿಲ್ಲ, ಮೋಡದ ಮೇಲೆ ಓಡುತ್ತಿತ್ತು. ಪಾಠ ಹೇಳಲು ಬಂದ ಸಲಹೆಗಾರ ಮೂರು ಗಂಟೆ ಮಾತಾಡಿದ. ಕುದುರೆಯನ್ನು ಕುದುರೆ ಎಂದು ನೋಡಬೇಡಿ, ಮಾಧ್ಯಮ ಎಂದು ನೋಡಿ ಎಂದ. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ನೆಲ ಬೇಕು ಎಂದು ಕೇಳಿದರೆ ಯಾರೂ ಕೊಡುವುದಿಲ್ಲ, ನೆಲಕ್ಕೊಂದು ಪರಿಕಲ್ಪನೆ ಇರಬೇಕು ಎಂದು ನನಗೆ ಅರ್ಥವಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಅವನು ಹತ್ತು ಚಿತ್ರಪಟ ಹಾಕಿ ತೋರಿಸಿದ. ಕೊನೆಗೆ ಪ್ರಶ್ನೆಗಳಿವೆಯೇ ಎಂದಾಗ ಅತ್ತಿಗೆ ಎದ್ದು ನಿಂತು, ನೆಲದ ವಿಷಯ ಯಾವ ಕಾಲಂನಲ್ಲಿ ಬರೆಯಬೇಕು ಎಂದು ಕೇಳಿದಳು. ಅವನು ಹದಿನೈದು ನಿಮಿಷ ಉತ್ತರ ಕೊಟ್ಟ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅತ್ತಿಗೆ ಕೂತು ನನ್ನ ಕಿವಿಯಲ್ಲಿ, ‘ಇಲ್ಲ ಅಂತ ಅಲ್ವಾ ಅವನು ಹೇಳಿದ್ದು?’ ಎಂದಳು.

ಅರ್ಜಿ ನಲವತ್ತು ಪುಟ. ನನ್ನ ಊಟದ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು ಮೂರು ವಾರ ತುಂಬಿದೆ. ಅತ್ತಿಗೆ ಸಂಜೆ ಬೂಟು ಹೊರಗೆ ಬಿಟ್ಟು ಬಂದು ಎದುರಿಗೆ ಕೂರುತ್ತಿದ್ದಳು. ನಾನು ಕೇಳುವುದು, ಅವಳು ಹೇಳುವುದು, ಅವಳು ಹೇಳಿದ್ದನ್ನು ಬಿಟ್ಟು ನಾನು ಬೇರೇನೋ ಬರೆಯುವುದು.

ಮೊದಲು ಯೋಜನೆಗೊಂದು ಹೆಸರು ಬೇಕಿತ್ತು. ನಾನು ‘ಅಶ್ವಶಕ್ತಿ’ ಎಂದು ಇಟ್ಟು ಬೀಗಿದೆ. ಪಂಪ್‌ಸೆಟ್ ಮಾರುತ್ತೀವಾ ಎಂದು ಕೇಳಿದಳು. ಹೆಸರು ಅಳಿಸಿದೆ. ಫಲಾನುಭವಿಗಳ ಸಂಖ್ಯೆ ಎಷ್ಟು ಎಂದಿತ್ತು, ಎರಡು ಎಂದಳು. ಕುದುರೆ ಅಲ್ಲ, ಜನ ಎಂದು ತಿದ್ದಿದರೆ, ಜನ ಬರುತ್ತಾರೆ ಹೋಗುತ್ತಾರೆ, ತಿನ್ನುವವು ಇವೆರಡೇ ತಾನೆ ಎಂದಳು. ನಾನು ಮುನ್ನೂರ ನಲವತ್ತು ಎಂದು ಹಾಕಿದೆ. ನಾವೀನ್ಯ ಏನು ಎಂದಿತ್ತು. ಹೊಸದು ಏನೂ ಇಲ್ಲ, ಎಲ್ಲ ಹಳೆಯದೇ ಎಂದಳು. ನಿರ್ಗಮನ ಯೋಜನೆ ಏನು, ಎಂದಿತ್ತು. ಬಾಗಿಲು ಒಂದೇ ಇರುವುದು, ಎಂದಳು. ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಕೇಳಿದ್ದೆ. ಇವರು ಕೂಸು ಹುಟ್ಟುವ ಮುಂಚೆ ಅದು ಮನೆ ಬಿಟ್ಟು ಹೋಗುವ ದಿನಾಂಕ ಕೇಳುತ್ತಿದ್ದರು.

ಒಂದು ಕಡೆ ಮಾತ್ರ ಅವಳು ಹಟ ಹಿಡಿದಳು. ಬಸ್ ಡ್ರೈವರನ ವಿಷಯದಲ್ಲಿ ನಾನು ‘ಬಲಗೈಯ ಚಲನೆಯಲ್ಲಿ ಶೇಕಡಾ ಎಪ್ಪತ್ತು ಸುಧಾರಣೆ’ ಎಂದು ಬರೆದಿದ್ದೆ. ಓದಿ ಹೇಳು ಎಂದಳು, ಹೇಳಿದೆ.

‘ಅವನ ಕೈ ಎಲ್ಲಿ ಅಲ್ಲಾಡತ್ತೆ?’

‘ಅಲ್ಲಾಡಲ್ಲ. ಆದ್ರೆ ಹೀಗೆ ಬರೆದ್ರೇನೇ ಕೊಡೋದು ಅತ್ತಿಗೆ.’

‘ಅವನು ನಾಳೆ ಬರ್ತಾನೆ. ಅವನ ಮುಖ ನೋಡೋಳು ನಾನು. ತೆಗಿ ಅದನ್ನ.’

ತೆಗೆದೆ. ಅದರ ಜಾಗದಲ್ಲಿ ಅವಳು ಹೇಳಿದ್ದನ್ನೇ ಬರೆದೆ: ‘ದಿನಾ ಹತ್ತಕ್ಕೆ ಬರುತ್ತಾನೆ, ಹನ್ನೊಂದಕ್ಕೆ ಹೋಗುತ್ತಾನೆ.’ ಇಂಥ ಸಾಲಿಗೆ ನಯಾಪೈಸೆ ಹುಟ್ಟುವುದಿಲ್ಲ ಎಂದು ಗೊಣಗಿಕೊಂಡೇ ಬರೆದೆ.

ಕೊನೆಯ ಪುಟದಲ್ಲಿ ಒಂದು ಸಣ್ಣ ಪೆಟ್ಟಿಗೆ: ‘ನಿಮ್ಮ ಕೋರಿಕೆ, ಏಳು ಪದ ಮೀರದಂತೆ.’ ಅವತ್ತು ಅತ್ತಿಗೆ ಇರಲಿಲ್ಲ, ಗುಮಾಸ್ತನ ಗೊರಸಿಗೆ ಲಾಳ ಕಟ್ಟುವವನು ಬಂದಿದ್ದ. ನಾನು ಒಬ್ಬಳೇ ಕೂತು, ಕೈಗೆ ಮೂವತ್ತೊಂದು ವರ್ಷ ಅಭ್ಯಾಸವಾದ ವಾಕ್ಯವನ್ನು ಕಣ್ಣು ಮುಚ್ಚಿ ಬಡಿದೆ: ‘ವಯಸ್ಸಾದ ಎರಡು ಕುದುರೆಗಳ ನೆಲದ ಪ್ರಕರಣವನ್ನು ಆದ್ಯತೆಯ ಮೇಲೆ ವಿಲೇವಾರಿ ಮಾಡಿಕೊಡಬೇಕಾಗಿ ವಿನಂತಿ.’ ಕಚೇರಿಯಲ್ಲಿ ವಿಲೇವಾರಿ ಎಂದರೆ ಇತ್ಯರ್ಥ, ಕೆಲಸ ಆಗುವುದು. ಆ ಪದ ಕಂಡರೆ ಅರ್ಜಿದಾರರ ಮುಖ ಅರಳುತ್ತಿತ್ತು. ಆದರೆ ನನ್ನ ವಾಕ್ಯದಲ್ಲಿ ಹತ್ತು ಪದಗಳಿದ್ದವು, ಕಂಪ್ಯೂಟರು ಕೆಂಪು ಗೆರೆ ಹಾಕಿ ಕೂತಿತು. ವಿನಂತಿ ತೆಗೆದೆ. ನೆಲದ ಎನ್ನುವುದನ್ನು ತೆಗೆದೆ, ನಲವತ್ತು ಪುಟ ನೆಲದ ವಿಷಯವೇ ಇದೆಯಲ್ಲ ಎಂದುಕೊಂಡೆ. ಪ್ರಕರಣವನ್ನೂ ತೆಗೆದು, ವಿಭಕ್ತಿ ಸರಿಪಡಿಸಿದೆ. ಸರಿಯಾಗಿ ಏಳು ಪದ ಬಂತು: ‘ವಯಸ್ಸಾದ ಎರಡು ಕುದುರೆಗಳನ್ನು ಆದ್ಯತೆಯ ಮೇಲೆ ವಿಲೇವಾರಿ ಮಾಡಿಕೊಡಿ.’ ಕೆಂಪು ಗೆರೆ ಹೋಯಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ.

ನಾಲ್ಕು ತಿಂಗಳಿಗೆ ಪತ್ರ ಬಂತು. ದಪ್ಪ ಕಾಗದ, ಮೇಲೆ ಅದೇ ಮೋಡದ ಕುದುರೆ. ಅನುದಾನ ಮಂಜೂರಾಗಿತ್ತು. ನಾನು ಪತ್ರ ಹಿಡಿದುಕೊಂಡು ಓಣಿಯುದ್ದಕ್ಕೂ ಹೆಚ್ಚುಕಡಿಮೆ ಓಡಿದೆ. ಅತ್ತಿಗೆ ಕೈ ಒರೆಸಿಕೊಂಡು ಪತ್ರವನ್ನು ತಾನೇ ತೆಗೆದುಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಹೊಸ ನೆಲ, ಹೊಸ ಮೋರಿ, ರಬ್ಬರು ಹಾಸು, ಜೊತೆಗೆ ತರಬೇತಾದ ಎರಡು ಎಳೆಯ ಕುದುರೆಗಳು, ಎಲ್ಲವೂ ಇದ್ದವು. ಎರಡನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

‘ಪುಟ್ಟಿ, ವಿಲೇವಾರಿ ಅಂದ್ರೆ ಏನು?’

ನಾನು ಬಗ್ಗಿ ನೋಡಿದೆ. ‘ಅರ್ಜಿದಾರರ ಕೋರಿಕೆಯಂತೆ ಹಾಲಿ ಇರುವ ಎರಡು ಕುದುರೆಗಳನ್ನು ಕಾಮಗಾರಿಗೆ ಮುನ್ನ ವಿಲೇವಾರಿ ಮಾಡಿ, ಪ್ರಮಾಣಪತ್ರ ಸಲ್ಲಿಸತಕ್ಕದ್ದು.’ ಕೆಳಗೆ ಅಂಥ ಕೆಲಸ ಮಾಡುವವರ ವಿಳಾಸ ಕೊಟ್ಟಿದ್ದರು. ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಳಾಸ ಅದು, ಚರ್ಮ ಮತ್ತು ಮೂಳೆಯ ಕಾರ್ಖಾನೆ.

‘ಕಸದ ಲಾರಿ ಮೇಲೆ ಬರ್ದಿರ್ತಾರಲ್ಲ, ಅದೇನಾ?’ ಎಂದು ಅತ್ತಿಗೆ ಮತ್ತೆ ಕೇಳಿದಳು.

ಹೌದು, ಅದೇ. ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂದು ದಿನಾ ಬೆಳಿಗ್ಗೆ ಕಸದ ಲಾರಿ ನನ್ನ ಮನೆಯ ಮುಂದೆಯೇ ನಿಂತು ಹೇಳುತ್ತಿತ್ತು. ನನ್ನ ನಲವತ್ತು ಪುಟ, ನನ್ನ ಮುನ್ನೂರ ನಲವತ್ತು ಫಲಾನುಭವಿಗಳು, ಯಾವುದನ್ನೂ ಯಾರೂ ಓದಿರಲಿಲ್ಲ. ಏಳು ಪದ ಓದಿದ್ದರು. ಅದರಂತೆ ಮಾಡಿದ್ದರು.

ಐದನೆಯ ಮಹಡಿಗೆ ಹೋದೆ. ಯೋಜನಾಧಿಕಾರಿ ಇನ್ನೂ ಎಳೆಯ ವಯಸ್ಸಿನವನು, ಬಹಳ ವಿನಯದವನು. ಕೂಗಾಡುವವರ ಜೊತೆ ಕೂಗಾಡಬಹುದು, ವಿನಯದವರನ್ನು ಏನು ಮಾಡುವುದು? ಅವನು ಕಡತ ತೆರೆದು ನನ್ನದೇ ಏಳು ಪದಗಳನ್ನು ನನಗೆ ಓದಿ ಹೇಳಿದ. ಅರ್ಥ ಅದಲ್ಲ ಎಂದೆ. ಮಂಡಳಿ ಅದೇ ಅರ್ಥದಲ್ಲಿ ಒಪ್ಪಿಯಾಗಿದೆ ಎಂದ. ತಿದ್ದಿಕೊಡುತ್ತೇನೆ ಎಂದೆ. ಮಂಜೂರಾದ ಅರ್ಜಿ ತಿದ್ದಲು ಬರುವುದಿಲ್ಲ, ಬೇಕಾದರೆ ಹಿಂತೆಗೆದುಕೊಂಡು ಮುಂದಿನ ವರ್ಷ ಹಾಕಬಹುದು ಎಂದ. ಕುದುರೆಗಳಿಗೆ ಸಹಾಯ ಮಾಡುವ ನಿಧಿ ಕುದುರೆಗಳನ್ನು ಮೂಳೆ ಕಾರ್ಖಾನೆಗೆ ಯಾಕೆ ಕಳಿಸುತ್ತದೆ ಎಂದು ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. ನವೀಕರಣ ಎಂದು ದಾಖಲಾಗಿದೆ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಂಥವರ ನಡುವೆ ಮೂವತ್ತೊಂದು ವರ್ಷ ದುಡಿದವಳು ನಾನು. ಅಷ್ಟೂ ವರ್ಷ ಅವರಿಗೆ ಹೆಗಲಾಗಿದ್ದೇನೆ ಎಂದು ಮೆಟ್ಟಿಲಿಳಿಯುವಾಗ ಮೊದಲ ಸಲ ಅನ್ನಿಸಿತು.

ಮುಂದಿನ ವಾರ ಅವನೇ ಸ್ಥಳ ಪರಿಶೀಲನೆಗೆ ಬಂದ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು, ಆ ನೆಲದ ಮೇಲೆ ಮಗುವಿನ ಹಾಗೆ ಹೆಜ್ಜೆ ಇಟ್ಟ. ಗುಮಾಸ್ತ ಅವನ ಕಡತದ ಮೂಲೆ ಕಚ್ಚಿದ. ಮೇಡಂ ಮಾತ್ರ ಅವನನ್ನು ಸ್ವಲ್ಪ ಹೊತ್ತು ನೋಡಿ ಮೂಗನ್ನು ಅವನ ಭುಜಕ್ಕೆ ಇಟ್ಟಿತು. ಅವನು ಅಲ್ಲಾಡದೆ ನಿಂತುಬಿಟ್ಟ. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದ. ಗುಮಾಸ್ತನನ್ನು ಬರಲಿರುವ ತರಬೇತಾದ ಕುದುರೆಗಳಲ್ಲಿ ಒಂದು ಎಂದು ತೋರಿಸಬಹುದು, ವಯಸ್ಸು ಸ್ವಲ್ಪ ಕಮ್ಮಿ ಹಾಕಿದರಾಯಿತು. ಮೇಡಂ ಮಾತ್ರ ಸತ್ತಿದೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಡಾಕ್ಟರ ಸಹಿ ತಾನೇ ಹೇಗಾದರೂ ನೋಡಿಕೊಳ್ಳುತ್ತಾನಂತೆ. ನೆಲ ಆಗುತ್ತದೆ, ಕುದುರೆಯೂ ಇರುತ್ತದೆ, ಕಾಗದದಲ್ಲಿ ಮಾತ್ರ ಇರುವುದಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಎಂದ.

ನನಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಪೆನ್ನು ತೆಗೆದೆ. ಅತ್ತಿಗೆ ಮೇಡಂನ ಹಿಂಗಾಲಿನ ಹತ್ತಿರ ಕೂತು ಗೊರಸಿನ ಸಂದಿಯ ಕೊಳೆ ಕೀಳುತ್ತಿದ್ದಳು. ಕೆಲಸ ನಿಲ್ಲಿಸಲಿಲ್ಲ.

‘ಇವತ್ತು ಸತ್ತಳು ಅಂತ ಬರ್ಕೊಟ್ರೆ, ನಿಜವಾಗ್ಲೂ ಸತ್ತ ದಿನ ನಾನು ಯಾರಿಗೆ ಹೇಳ್ಲಿ ಸ್ವಾಮಿ?’

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಯಾರಿಗೂ ಹೇಳುವಂತಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಿತು. ಹೇಳಿದರೆ ನೆಲ ಕೊಟ್ಟವರು ಕೇಳುತ್ತಾರೆ, ಡಾಕ್ಟರ ತಲೆಗೆ ಬರುತ್ತದೆ. ಸತ್ತ ಕುದುರೆಯನ್ನು ಹಿತ್ತಿಲಲ್ಲಿ ಕದ್ದು ಹೂಳಬೇಕು, ಬಸ್ ಡ್ರೈವರನಿಗೆ ಏನೋ ಒಂದು ಸುಳ್ಳು ಹೇಳಬೇಕು. ಅತ್ತಿಗೆ ಎದ್ದು ಬಂದು ಮಂಜೂರಾತಿ ಪತ್ರವನ್ನು ಅವನ ಕೈಗೆ ಕೊಟ್ಟಳು. ಅವನು ವಿನಯದಿಂದಲೇ ತೆಗೆದುಕೊಂಡು ಹೋದ.

ಅವನು ಹೋದ ಮೇಲೆ ನಾನು ಅವಳಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೇ ಒಪ್ಪಿಕೊಂಡು ಬಂದಿದ್ದ, ನೀನು ಬಾಗಿಲು ಹಾಕಿದೆ ಎಂದೆ. ನಿನ್ನ ಸತ್ಯಕ್ಕೆ ಬೆಂಕಿ ಹಾಕು, ಆ ಮೂಕಪ್ರಾಣಿ ಬಿದ್ದು ಸಾಯುತ್ತದೆ ಎಂದೆ. ತಪ್ಪು ನನ್ನದು ಎಂದು ನನಗೆ ಗೊತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ ಕೂಗಿದೆ. ಅವಳು ಗೋಣಿಚೀಲ ಕೊಡವಿ ಬಿಸಿಲಿಗೆ ಹಾಕಿದಳು. ಹನ್ನೊಂದು ದಿನ ನಾವು ಮಾತಾಡಲಿಲ್ಲ.

ಅನುದಾನ ಬೇರೆಯವರಿಗೆ ಹೋಯಿತು. ನೋಡಿ ಬಂದವರು ಹೇಳಿದರು, ಊರಾಚೆ ಒಂದು ದೊಡ್ಡ ಕಟ್ಟಡ ಎದ್ದಿದೆಯಂತೆ. ದಪ್ಪ ರಬ್ಬರಿನ ನೆಲ, ಗಾಜಿನ ಕಚೇರಿ, ಬಾಗಿಲಲ್ಲಿ ಮೋಡದ ಕುದುರೆಯ ಫಲಕ. ಕುದುರೆ ಇನ್ನೂ ಬಂದಿಲ್ಲವಂತೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಆ ನೆಲದ ಮೇಲೆ ಈಗ ಸಲಹೆಗಾರ ಕಾರ್ಯಾಗಾರ ನಡೆಸುತ್ತಾನೆ. ಜಾರುವ ಭಯವಿಲ್ಲದೆ ಓಡಾಡಿಕೊಂಡು ಪಾಠ ಹೇಳುತ್ತಾನಂತೆ.

ಅತ್ತಿಗೆ ಚಳಿಗಾಲ ಪೂರ್ತಿ ನೆಲದ ಜೊತೆ ಗುದ್ದಾಡಿದಳು. ದಿನಕ್ಕೆ ಎರಡು ಸಲ ಒಣಗಿಸಿದಳು, ಮೆಕ್ಯಾನಿಕ್ಕುಗಳು ಕೊಟ್ಟ ಹಳೆಯ ಟೈರು ಸೀಳಿ ಹಾಸಿದಳು, ಬೂದಿ ಚೆಲ್ಲಿದಳು. ಮೇಡಂ ನಿಂತ ಜಾಗದಲ್ಲೇ ನಿಲ್ಲುವುದನ್ನು ಕಲಿಯಿತು. ನೀರು ಕುಡಿಯಲು ಎರಡು ಹೆಜ್ಜೆ ಇಡುವ ಮುಂಚೆ ಗೊರಸಿನಿಂದ ನೆಲ ಮುಟ್ಟಿ ನೋಡುತ್ತಿತ್ತು. ನಾನು ಹೋದಾಗಲೆಲ್ಲ ಅದರ ಕಾಲನ್ನೇ ನೋಡುತ್ತಿದ್ದೆ, ಮುಖ ನೋಡುವ ಧೈರ್ಯವಿರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಆರೂವರೆಗೆ, ಯಾರೋ ಬಾಗಿಲು ತಟ್ಟಿದರು. ಅತ್ತಿಗೆ ನಿಂತಿದ್ದಳು. ಬೂಟು ಬಿಚ್ಚದೆ ಒಳಗೆ ಬಂದಳು. ನಾನು ಆಗ ತಾನೇ ಒರೆಸಿದ ನೆಲದ ಮೇಲೆ ಲದ್ದಿ, ಬೂದಿ, ಹುಲ್ಲು.

‘ಪುಟ್ಟಿ, ಮೇಡಂ ಹೋದಳು. ನಿಂಗೇ ಮೊದ್ಲು ಹೇಳ್ತಿರೋದು.’

ಅವಳು ಅಳುತ್ತಿರಲಿಲ್ಲ, ನಾನು ಅತ್ತೆ. ಅವಳು ಕಾಯಲಿಲ್ಲ, ಓಣಿಗೆ ಇಳಿದಳು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಹೋದೆ. ಅವಳು ಒಂದೊಂದು ಅಂಗಡಿಯ ಮುಂದೆಯೂ ನಿಂತು, ಬಾಗಿಲು ಎತ್ತುತ್ತಿದ್ದವರಿಗೆಲ್ಲ ಅದೇ ಮಾತು ಹೇಳಿದಳು. ಬ್ಯಾಟರಿ ಅಂಗಡಿಯವನಿಗೆ, ಟೈರಿನವನಿಗೆ, ಲಾಂಡ್ರಿಯ ಹೆಂಗಸರಿಗೆ, ದರ್ಜಿಗೆ, ದರ್ಜಿಯ ತಂಗಿಗೆ. ಅವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಬಂದರು. ಒಂಬತ್ತು ಗಂಟೆಯ ಹೊತ್ತಿಗೆ ಲಾಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಕ್ಕೆ ಬಸ್ ಡ್ರೈವರ್ ಬಂದ. ಎಲ್ಲರೂ ದಾರಿ ಬಿಟ್ಟರು. ಅವನು ಬ್ರಷ್ ತೆಗೆದುಕೊಂಡು, ಮೇಡಂನ ಮೇಲಾಗಿದ್ದ ಪಕ್ಕವನ್ನು ಎಡಗೈಯಲ್ಲಿ ಉಜ್ಜಿದ. ಮುಗಿಸಿ ಅಭ್ಯಾಸಬಲದಿಂದ ಅತ್ತಿಗೆಯ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು.

ಎಲ್ಲ ಮುಗಿದ ಮೇಲೆ ನಾನು ತಡೆದುಕೊಳ್ಳಲಾರದೆ ಅವಳಿಗೆ ಹೇಳಿದೆ, ಇದನ್ನು ಕೊಂದವಳು ನಾನು, ನನ್ನ ಏಳು ಪದ ಕೊಂದವು ಎಂದು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

‘ಕೊಂದಿದ್ದು ನೆಲ ಕಣೇ. 
ನಿನ್ನ ಕಾಗದಕ್ಕೆ ಅಷ್ಟೊಂದು ಶಕ್ತಿ ಎಲ್ಲಿದೆ?’

ಆಮೇಲೆ ಒಂದು ಸೀಮೆಸುಣ್ಣದ ತುಂಡು ತಂದುಕೊಟ್ಟು, ಬಾಗಿಲ ಹಲಗೆಯ ಮೇಲೆ ವಿಷಯ ಬರೆ, ಗೊತ್ತಿಲ್ಲದವರು ಬಂದರೆ ತಿಳಿಯಲಿ ಎಂದಳು. ನಾನು ‘ನಮ್ಮೆಲ್ಲರ ಪ್ರೀತಿಗೆ ಪಾತ್ರಳಾಗಿದ್ದ’ ಎಂದು ಶುರು ಮಾಡಿದೆ. ಅವಳು ತೋಳಿನಿಂದ ಒರೆಸಿದಳು. ಎರಡನೆಯ ಸಲ ‘ಮೇಡಂ ಇವತ್ತು ಬೆಳಿಗ್ಗೆ ಜಾರಿ ಬಿದ್ದು ಸತ್ತಳು’ ಎಂದು ಬರೆದೆ. ಅವಳು ಬೆರಳಿಟ್ಟು ಓದಿದಳು, ಒರೆಸಲಿಲ್ಲ. ಸೀಮೆಸುಣ್ಣ ನನ್ನ ಕೈಯಿಂದ ತೆಗೆದುಕೊಂಡು ಕೆಳಗೆ ತಾನೇ ಸೊಟ್ಟ ಅಕ್ಷರದಲ್ಲಿ ಬರೆದಳು: ‘ಗುಮಾಸ್ತ ಇದ್ದಾನೆ. ಬ್ರಷ್ ಒಳಗಿದೆ.’